ಕಣಿ ಹೇಳುವವಳ ಚಿತ್ರ ಮತ್ತು ನಮ್ಮದೊಂದು ಫೋಟೋ

ಕಳೆದ ತಿಂಗಳು ಡೆಸ್ಕ್‌ನಿಂದ ವಾಟ್ಸಾಪ್ ಬಂತು. ಜಾತ್ರೆ ಪುರವಣಿಗೆ ಕಣಿ ಹೇಳುವ ಹೆಂಗಸಿನ ಫೋಟೋ ಬೇಕಂತೆ, ಹಳೆಯದಾದರೂ ನಡೆಯುತ್ತದಂತೆ, ಸಂಜೆ ಐದರೊಳಗೆ ಕಳಿಸಬೇಕಂತೆ. ಅಂಥದೊಂದು ಫೋಟೋ ನಮ್ಮ ಹಾರ್ಡ್ ಡಿಸ್ಕಿನಲ್ಲಿದೆ. ಚೆನ್ನಾಗಿಯೂ ಇದೆ. ಆದರೆ ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಎಂದು ಬರೆಯಲು ಕೂತರೆ ಮಾತು ನಮ್ಮ ಡಿಪ್ಲೊಮಾ ಕ್ಲಾಸಿಗೆ ಹೋಗುತ್ತದೆ, ಅಲ್ಲಿಂದ ನಾನೂರು ವರ್ಷ ಹಿಂದಿನ ರೋಮ್ ನಗರಕ್ಕೆ ಹೋಗುತ್ತದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ನಾವು ಅಂದರೆ ನಾವಿಬ್ಬರು. ಒಂದೇ ಬೆಂಚಿನಲ್ಲಿ ಕೂತು ಡಿಪ್ಲೊಮಾ ಮುಗಿಸಿದವರು, ಈಗ ಒಂದೇ ಬೈಕಿನಲ್ಲಿ ಜಿಲ್ಲೆ ಸುತ್ತುವವರು. ಒಬ್ಬರು ಬರೆಯುತ್ತೇವೆ, ಇನ್ನೊಬ್ಬರು ಕ್ಯಾಮೆರಾ ಹಿಡಿಯುತ್ತೇವೆ. ಬೈಲೈನ್ ಬರುವುದೇ ಅಪರೂಪವಾದ್ದರಿಂದ ಯಾವುದು ಯಾರದು ಎಂಬ ಲೆಕ್ಕ ಇಟ್ಟುಕೊಂಡಿಲ್ಲ. ತಪ್ಪಾದಾಗಲೂ ಹಾಗೆಯೇ, ಅದು ಇಬ್ಬರದೂ.

ಬ್ಯಾಚಿನವರಿಗೆ ನೆನಪಿರಬಹುದು. ಫೋಟೋ ಜರ್ನಲಿಸಂ ಪೇಪರಿಗೆ ನಮ್ಮ ಸರ್ ಒಂದು ಮಧ್ಯಾಹ್ನ ಪ್ರೊಜೆಕ್ಟರಿನಲ್ಲಿ ಹಳೆಯ ಯುರೋಪಿನ ಪೇಂಟಿಂಗ್‌ಗಳನ್ನು ತೋರಿಸಿದರು. ಬೆಳಕು ಎಲ್ಲಿಂದ ಬೀಳುತ್ತದೆ, ಕಣ್ಣು ಎತ್ತ ಹೋಗುತ್ತದೆ ಎಂಬುದನ್ನು ಕಲಿಸಲು. ಅದರಲ್ಲಿ ಇಟಲಿಯ ಕಾರವಾಜ್ಜೊ ಬರೆದ ಕಣಿ ಹೇಳುವವಳ ಚಿತ್ರ ಬಂತು. ಏನು ಕಾಣುತ್ತಿದೆ ಹೇಳಿ ಎಂದು ಸರ್ ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ, "ಸಾರ್, ಕೈ ನೋಡೋ ನೆಪದಲ್ಲಿ ಉಂಗುರ ಹೊಡೀತಿದಾಳೆ" ಎಂದರು. ಎಲ್ಲರೂ ನಕ್ಕೆವು. ಸರ್ ಕರೆಕ್ಟ್ ಅಂದರು.

ಎಷ್ಟೋ ವರ್ಷಗಳ ನಂತರ ಹಳೆಯ ಫೈಲು ತೆಗೆದಾಗ ಒಂದು ವಿಷಯ ಗೊತ್ತಾಯಿತು. ಆವತ್ತು ಬೆಳಿಗ್ಗೆಯೇ ನಮಗೆ ಕೊಟ್ಟಿದ್ದ ಜೆರಾಕ್ಸ್ ನೋಟ್ಸಿನಲ್ಲಿ ಉಂಗುರದ ಸಾಲು ಇತ್ತು. ಆ ಮಂಕು ಪ್ರೊಜೆಕ್ಟರಿನಲ್ಲಿ ಉಂಗುರ ಯಾರಿಗೂ ಕಂಡಿರಲು ಸಾಧ್ಯವಿಲ್ಲ. ನಾವು ನೋಡಿ ಹೇಳಿರಲಿಲ್ಲ, ಓದಿ ಹೇಳಿದ್ದೆವು.

ಮೊದಲು ಚಿತ್ರದ ಬಗ್ಗೆ ಹೇಳಿಬಿಡುತ್ತೇವೆ. ಕಾರವಾಜ್ಜೊ ಇದನ್ನು ಎರಡು ಸಲ ಬರೆದ. ಸುಮಾರು 1594ರ ಹೊತ್ತಿನದು ರೋಮ್‌ನ ಕಾಪಿತೊಲಿನಿ ಮ್ಯೂಸಿಯಂನಲ್ಲಿದೆ. ಸುಮಾರು 1595ರದ್ದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಅದು 1665ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಉಡುಗೊರೆಯಾಗಿ ಹೋದದ್ದು. ಎರಡರಲ್ಲೂ ಇರುವುದು ಇಬ್ಬರೇ, ಸೊಂಟದವರೆಗೆ ಮಾತ್ರ. ಎಡಕ್ಕೆ ತಲೆಗೆ ಬಿಳಿ ಬಟ್ಟೆ ಸುತ್ತಿದ ಹುಡುಗಿ. ಬಲಕ್ಕೆ ಗರಿ ಸಿಕ್ಕಿಸಿದ ಟೊಪ್ಪಿಗೆ, ಸೊಂಟದಲ್ಲಿ ಕತ್ತಿ ಇರುವ, ಇನ್ನೂ ಮೀಸೆ ಮೂಡದ ಹುಡುಗ. ಒಂದು ಕೈಗೆ ಗ್ಲೌಸು ಇದೆ. ಇನ್ನೊಂದು ಕೈಯ ಗ್ಲೌಸು ಕಳಚಿ ಅವಳಿಗೆ ಒಡ್ಡಿದ್ದಾನೆ. ಹಿಂದೆ ಮನೆಯಿಲ್ಲ, ಬೀದಿಯಿಲ್ಲ, ಬರೀ ಗೋಡೆ, ಗೋಡೆಯ ಮೇಲೆ ಬೆಳಕು.

ಸಂಕೇತಗಳನ್ನು ಹುಡುಕುವವರಿಗೆ ಇಷ್ಟರಲ್ಲೇ ಬೇಕಾದಷ್ಟಿದೆ. ಕತ್ತಿ ಇದೆ, ಅದು ಉಪಯೋಗಕ್ಕೆ ಬರುತ್ತಿಲ್ಲ. ಗ್ಲೌಸು ಕಳಚಿದ ಕೈ ಎಂದರೆ ರಕ್ಷಣೆ ಬಿಟ್ಟುಕೊಟ್ಟ ಕೈ. ಗರಿ ಎಂದರೆ ವಯಸ್ಸಿನ ಹುರುಪು. ಉಂಗುರ ಎಂದರೆ ದುಡ್ಡೂ ಹೌದು, ಪ್ರೀತಿಯ ಮಾತೂ ಹೌದು. ನಾಳೆ ಏನಾಗುತ್ತದೆ ಎಂದು ಕೇಳಲು ಬಂದವನಿಗೆ ಈಗ ತನ್ನ ಬೆರಳಿನಲ್ಲಿ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲ. ಚಿತ್ರದ ತಮಾಷೆ ಇರುವುದು ಇಲ್ಲಿ.

ಈ ಉಂಗುರದ ಕಥೆ ನಮ್ಮವರೆಗೆ ಬಂದಿರುವುದು ಜೂಲಿಯೊ ಮಂಚೀನಿ ಎಂಬ ವೈದ್ಯನ ಬರವಣಿಗೆಯಿಂದ. ಚಿತ್ರಕಲೆಯ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದ ಈತ ಸುಮಾರು 1620ರ ಹೊತ್ತಿಗೆ, ಹುಡುಗಿ ಸುಳ್ಳು ನಗು ಬೀರಿ ಉಂಗುರ ತೆಗೆಯುತ್ತಾಳೆ, ಹುಡುಗ ಅವಳ ಚೆಲುವಿಗೆ ಮರುಳಾಗಿದ್ದಾನೆ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಈ ಚಿತ್ರವನ್ನು ಕಾರವಾಜ್ಜೊ ಎಂಟು ಸ್ಕೂಡಿಗೆ ಮಾರಿದ ಎಂದೂ ಅವನೇ ಬರೆದಿದ್ದಾನೆ. ಅಂದರೆ ಚಿಲ್ಲರೆ ಹಣಕ್ಕೆ. ಆಗ ಕಾರವಾಜ್ಜೊ ಊರು ಬಿಟ್ಟು ರೋಮ್‌ಗೆ ಬಂದ, ಕೈಯಲ್ಲಿ ಕಾಸಿಲ್ಲದ ಹುಡುಗ. ಸ್ಟ್ರಿಂಗರ್ ಅನ್ನಬಹುದು. ಹೊಸ ಕ್ಯಾನ್ವಾಸಿಗೂ ದುಡ್ಡಿರಲಿಲ್ಲವೋ ಏನೋ. ರೋಮ್‌ನಲ್ಲಿರುವ ಪ್ರತಿಯ ಎಕ್ಸ್‌ರೇ ತೆಗೆದಾಗ, ಕಣಿ ಹೇಳುವವಳ ಚಿತ್ರದ ಕೆಳಗೆ ಇನ್ನೊಂದು ಚಿತ್ರ ಸಿಕ್ಕಿತು. ಪ್ರಾರ್ಥನೆಯ ಭಂಗಿಯಲ್ಲಿರುವ ಮಾತೆ ಮೇರಿ. ಜನ ಕಳ್ಳಿ ಎಂದು ಕರೆದವಳು ನಿಂತಿರುವುದು ಜನ ಕೈಮುಗಿಯುವವಳ ಮೇಲೆ. ಇದನ್ನು ಬೇಕೆಂದು ಮಾಡಿದ್ದಲ್ಲ, ಬಡತನಕ್ಕೆ ಆಗಿದ್ದು. ಆದರೂ ಒಮ್ಮೆ ತಿಳಿದ ಮೇಲೆ ಮರೆಯಲಾಗುವುದಿಲ್ಲ.

ಆ ಹುಡುಗಿ ಯಾರು? ಕಾರವಾಜ್ಜೊ ಸತ್ತು ಅರವತ್ತೆರಡು ವರ್ಷಗಳ ಮೇಲೆ, 1672ರಲ್ಲಿ, ಬೆಲ್ಲೋರಿ ಎಂಬಾತ ಅವನ ಜೀವನ ಚರಿತ್ರೆ ಬರೆದ. ಹಳೆಯ ಪ್ರಖ್ಯಾತ ಶಿಲ್ಪಗಳನ್ನು ನೋಡಿ ಕಲಿ ಎಂದು ಯಾರೋ ಹೇಳಿದಾಗ ಕಾರವಾಜ್ಜೊ ಬೀದಿಯ ಜನರತ್ತ ಕೈ ತೋರಿಸಿ, ನನಗೆ ಇವರೇ ಸಾಕು ಅಂದನಂತೆ. ಆ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ಜಿಪ್ಸಿ ಹೆಂಗಸನ್ನು ಕರೆದು, ತಾನಿದ್ದ ಛತ್ರಕ್ಕೆ ಕರೆದೊಯ್ದು, ಕಣಿ ಹೇಳುವ ಭಂಗಿಯಲ್ಲಿ ಬರೆದನಂತೆ. ಕಥೆ ಎಷ್ಟು ನಿಜವೋ. ಆದರೆ ಒಂದು ಮಾತು ಗಮನಿಸಿ. ಎದುರು ನಿಂತ ಹುಡುಗ ಯಾರಿರಬಹುದು ಎಂದು ವಿದ್ವಾಂಸರು ಹುಡುಕಿದ್ದಾರೆ, ಕಾರವಾಜ್ಜೊನ ಗೆಳೆಯ, ಸಿಸಿಲಿಯ ಚಿತ್ರಕಾರ ಮಾರಿಯೊ ಮಿನ್ನಿತಿ ಇರಬೇಕು ಎಂದು ಹಲವರು ಹೇಳುತ್ತಾರೆ. ಹುಡುಗಿಗೆ ಹೆಸರಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವಳು, ಅಷ್ಟೇ. ಚಿತ್ರದ ಹೆಸರು ಅವಳ ಕಸುಬಿನ ಹೆಸರು.

ಇಂಥದೇ ಇನ್ನೊಂದು ಪ್ರಸಿದ್ಧ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಫ್ರಾನ್ಸಿನ ಜಾರ್ಜ್ ದ ಲಾ ತೂರ್ ಬರೆದದ್ದು, 1630ರ ದಶಕದ್ದೆಂದು ಹೇಳುತ್ತಾರೆ. ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಸುಕ್ಕು ಮುಖದ ಮುದುಕಿ ನಾಣ್ಯ ಹಿಡಿದು ಹುಡುಗನನ್ನು ಮಾತಿನಲ್ಲಿ ಹಿಡಿದಿಟ್ಟಿದ್ದಾಳೆ, ಅವನ ಸುತ್ತಲಿನ ಹುಡುಗಿಯರಲ್ಲಿ ಒಬ್ಬಳು ಸರ ಕತ್ತರಿಸುತ್ತಿದ್ದಾಳೆ, ಇನ್ನೊಬ್ಬಳ ಕೈ ಅವನ ಜೇಬಿನಲ್ಲಿದೆ. ಸರದ ಮೇಲೆ ಪ್ರೀತಿ, ನಂಬಿಕೆ ಎಂಬ ಅರ್ಥದ ಲ್ಯಾಟಿನ್ ಪದಗಳಿವೆ. ತಮಾಷೆಯೆಂದರೆ, ಇಷ್ಟು ಮೋಸ ತೋರಿಸುವ ಚಿತ್ರದ ಮೇಲೆಯೇ ಮೋಸದ ಆರೋಪ ಬಂತು. 1960ರಲ್ಲಿ ಅದು ಅಮೆರಿಕದ ಪಾಲಾದಾಗ ಫ್ರಾನ್ಸಿನಲ್ಲಿ ಗದ್ದಲವಾಯಿತು. 1980ರ ದಶಕದಲ್ಲಿ ಇದು ನಕಲಿ ಎಂದು ಕೆಲವರು ವಾದಿಸಿದರು. ಒಬ್ಬ ಹುಡುಗಿಯ ಶಾಲಿನ ನೇಯ್ಗೆಯಲ್ಲಿ ಫ್ರೆಂಚ್ ಬೈಗುಳವೊಂದು ಅಡಗಿದೆ ಎಂಬುದೂ ಅವರ ಸಾಕ್ಷಿಯಲ್ಲಿತ್ತು. ಅದು ಆಮೇಲೆ ಯಾರೋ ಸೇರಿಸಿದ್ದೆಂದು ಅಳಿಸಿದರು. ಇವತ್ತು ಬಹುತೇಕ ವಿದ್ವಾಂಸರು ಚಿತ್ರ ಅಸಲಿ ಎಂದೇ ಒಪ್ಪುತ್ತಾರೆ. ಚಿತ್ರ ಅಸಲಿಯೋ ನಕಲಿಯೋ ಎಂದು ವರ್ಷಗಟ್ಟಲೆ ಜಗಳವಾಡಿದರು. ಅದರಲ್ಲಿರುವ ಹೆಂಗಸರ ಮೇಲಿನ ಆರೋಪ ಅಸಲಿಯೋ ನಕಲಿಯೋ ಎಂದು ಅಷ್ಟು ಜೋರಾಗಿ ಯಾರೂ ಕೇಳಲಿಲ್ಲ.

ಆ ಆರೋಪಕ್ಕೆ ವಯಸ್ಸಾಗಿದೆ. ಜಿಪ್ಸಿಗಳೆಂದು ಹೊರಗಿನವರು ಕರೆಯುವ ರೊಮಾ ಜನರ ಮೂಲ ನಮ್ಮ ದೇಶ. ಸುಮಾರು ಸಾವಿರ ವರ್ಷದ ಹಿಂದೆ ಇಲ್ಲಿಂದ ಹೊರಟವರು. ಅದಕ್ಕೆ ದೊಡ್ಡ ಸಾಕ್ಷಿ ಅವರ ರೊಮಾನಿ ಭಾಷೆ. ಅದರಲ್ಲಿ ನೀರಿಗೆ ಪಾನಿ, ಮೂಗಿಗೆ ನಾಖ್, ಕಿವಿಗೆ ಕನ್. ಇದನ್ನು ತಾಂಡಾದ ಗೆಳೆಯನೊಬ್ಬನಿಗೆ ಹೇಳಿದಾಗ, ಪಾನಿಗೆ ಅಲ್ಲೂ ಪಾನಿನಾ ಎಂದು ಮೂರು ಸಲ ಕೇಳಿದ.

ಇವರ ಒಂದು ಗುಂಪು 1427ರಲ್ಲಿ ಪ್ಯಾರಿಸ್ಸಿಗೆ ಬಂದು ಊರಾಚೆ ಬೀಡು ಬಿಟ್ಟಿತು. ಆಗ ಆ ಊರಿನ ಒಬ್ಬ ನಿವಾಸಿ ದಿನಚರಿ ಬರೆಯುತ್ತಿದ್ದ. ಅವನ ಹೆಸರು ಗೊತ್ತಿಲ್ಲ, ದಿನಚರಿ ಉಳಿದಿದೆ. ಜನ ಸಂತೆಗೆ ಹೋದಂತೆ ಹೋಗಿ ಅವರಿಗೆ ಕೈ ತೋರಿಸುತ್ತಿದ್ದಾರೆ, ಅವರು ಕಣಿ ಹೇಳಿ ಗಂಡ ಹೆಂಡಿರ ನಡುವೆ ಜಗಳ ಹಚ್ಚುತ್ತಾರೆ, ಜೇಬು ಖಾಲಿ ಮಾಡುತ್ತಾರೆ ಎಂದು ಬರೆಯುತ್ತಾನೆ. ಅದರ ಜೊತೆಗೇ ಇನ್ನೊಂದು ಮಾತು ಸೇರಿಸುತ್ತಾನೆ: ತಾನು ಖುದ್ದು ಮೂರು ನಾಲ್ಕು ಸಲ ಹೋಗಿ ಮಾತಾಡಿಸಿದ್ದೇನೆ, ಒಂದು ಕಾಸೂ ಕಳೆದುಕೊಂಡಿಲ್ಲ, ಅವರು ಕೈ ನೋಡಿದ್ದನ್ನೂ ಕಂಡಿಲ್ಲ, ಆದರೆ ಜನ ಎಲ್ಲ ಕಡೆ ಹಾಗೆ ಹೇಳುತ್ತಾರೆ. ಪ್ಯಾರಿಸ್ಸಿನ ಬಿಷಪ್ ಬಂದು, ಕೈ ತೋರಿಸಿದವರಿಗೆಲ್ಲ ಬಹಿಷ್ಕಾರ ಹಾಕಿಸಿದ. ಆ ಜನ ಅಲ್ಲಿಂದ ಹೊರಟು ಹೋಗಬೇಕಾಯಿತು.

ಆರುನೂರು ವರ್ಷ ಹಿಂದಿನ ಆ ಹೆಸರಿಲ್ಲದ ಮನುಷ್ಯ ನಮಗಿಂತ ಒಳ್ಳೆಯ ವರದಿಗಾರ. ಕಂಡದ್ದನ್ನು ಬೇರೆ, ಕೇಳಿದ್ದನ್ನು ಬೇರೆ ಬರೆದ. ನಾವು ಅಷ್ಟೂ ಮಾಡಲಿಲ್ಲ.

ಈಗ ನಮ್ಮ ಫೋಟೋ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ತಾಲ್ಲೂಕಿನ ಜಾತ್ರೆಯಲ್ಲಿ ತೆಗೆದದ್ದು. ಬಳೆ ಅಂಗಡಿಯ ತಾಡಪಾಲಿನ ಸಂದಿಯಿಂದ ಇಳಿಹೊತ್ತಿನ ಬಿಸಿಲು ಬರುತ್ತಿತ್ತು. ಅಲ್ಲಿ ಒಬ್ಬ ಅಜ್ಜಿ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು, ಕೈಯಲ್ಲಿ ಸಣ್ಣ ಕೋಲು ಹಿಡಿದು, ಕಾಲೇಜು ಹುಡುಗನೊಬ್ಬನಿಗೆ ಕಣಿ ಹೇಳುತ್ತಿದ್ದರು. ಅರ್ಧ ಮುಖ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ. ಇಬ್ಬರಿಗೂ ಒಟ್ಟಿಗೇ ಕ್ಲಾಸಿನ ಆ ಚಿತ್ರ ನೆನಪಾಯಿತು. ಹನ್ನೆರಡು ಫ್ರೇಮು ತೆಗೆದೆವು. ಒಂದು ಭಾನುವಾರದ ಪುಟದಲ್ಲಿ ನಾಲ್ಕು ಕಾಲಂ ಬಂತು. 200 ರೂಪಾಯಿ ಸಿಕ್ಕಿತು. ಊರಿನಲ್ಲೆಲ್ಲ ತೋರಿಸಿಕೊಂಡು ತಿರುಗಿದೆವು. ನಾವು ಕಳಿಸಿದ್ದ ಕ್ಯಾಪ್ಷನ್ನಿನಲ್ಲಿ ಇದ್ದದ್ದು ಒಂದೇ ಸಾಲು: ಜಾತ್ರೆಯಲ್ಲಿ ಕಣಿ ಹೇಳುತ್ತಿರುವ ಮಹಿಳೆ. ಅವರ ಹೆಸರು ಕೇಳಿರಲಿಲ್ಲ. ಕೇಳಬೇಕು ಅಂತ ಅನ್ನಿಸಿರಲೂ ಇಲ್ಲ.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಪೇಪರು ಬಿಡಿಸಿದರೆ ಅದೇ ಫೋಟೋ. ಬೇರೆ ಯಾವುದೋ ತಾಲ್ಲೂಕಿನ ಸುದ್ದಿ, ಕಣಿ ಹೇಳುವ ನೆಪದಲ್ಲಿ ಸರ ಕಳವಾಗಿದೆ, ಜನ ಎಚ್ಚರ ವಹಿಸಬೇಕು ಎಂದು. ಅದರ ನಡುವೆ ನಮ್ಮ ಅಜ್ಜಿಯ ಮುಖ. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಸಂಗ್ರಹ ಚಿತ್ರ'. ಫೋನ್ ಮಾಡಿದೆವು. ಸಂಗ್ರಹ ಚಿತ್ರ ಅಂತ ಹಾಕಿದ್ದೀವಲ್ಲ, ಯಾರು ಕೇಳ್ತಾರೆ ಬಿಡಿ ಅಂದರು. ಎರಡು ಸಾಲು ಸ್ಪಷ್ಟನೆ ಹಾಕಿ ಅಂದೆವು. ನೋಡೋಣ ಅಂದರು. ಬರಲಿಲ್ಲ. ನಾವೂ ಮತ್ತೆ ಕೇಳಲಿಲ್ಲ. ಮೂರು ತಿಂಗಳ ಬಿಲ್ ಬಾಕಿ ಇತ್ತು. ಇದು ನೆಪವಲ್ಲ, ಆದದ್ದನ್ನು ಹೇಳುತ್ತಿದ್ದೇವೆ.

ಆ ಪೇಪರು ಸಂಜೆಗೆ ಬಜ್ಜಿ ಕಟ್ಟಲು ಹೋಗುತ್ತದೆ ಅಂದುಕೊಂಡಿದ್ದೆವು. ಹೋಗಲಿಲ್ಲ. ಯಾರೋ ಅದನ್ನು ಕತ್ತರಿಸಿ ಬಸ್ ಸ್ಟ್ಯಾಂಡಿನ ಹೋಟೆಲಿನ ಗೋಡೆಗೆ ಅಂಟಿಸಿದ್ದರು ಎಂದು ಗೊತ್ತಾದದ್ದು ಕಳೆದ ತಿಂಗಳು.

ಡೆಸ್ಕ್‌ಗೆ ಆವತ್ತು ಫೋಟೋ ಇಲ್ಲ ಎಂದು ಸುಳ್ಳು ಹೇಳಿದೆವು. ಮುಂದಿನ ಭಾನುವಾರ ಅಜ್ಜಿಯನ್ನು ಹುಡುಕಿಕೊಂಡು ಹೊರಟೆವು. ಜಾತ್ರೆಯಲ್ಲಿ ಪಿನ್ನು ಹೇರ್‌ಬ್ಯಾಂಡ್ ಮಾರುವ ಹುಡುಗರಿಗೆ ಫೋಟೋ ತೋರಿಸಿದಾಗ ಒಬ್ಬ ಗುರುತು ಹಿಡಿದ. ಕೆರೆ ದಂಡೆಯ ಆಚೆ, ತಗಡಿನ ಮನೆ, ಮಗಳ ಜೊತೆ ಇದ್ದಾರೆ. ಬುಟ್ಟಿ ಹೆಣೆಯುತ್ತ ಕೂತಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆವು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ತಗದೋರು ನೀವಾ?"

"ಹೂನ್ರೀ ಯವ್ವಾ."

"ಕುಂದರ್ರಿ" ಅಂದರು. ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಬಿಸಿಲಿನಲ್ಲಿ ಬಂದಿದ್ದೀರಿ ಎಂದು ನೀರು ಕೊಡಿಸಿದರು. ಮಾತಾಡಿದ್ದು ಮಗಳು. ಹೋಟೆಲಿನ ಗೋಡೆ ನೋಡಿದವರು ಅಜ್ಜಿಯನ್ನು ಬಸ್ಸಿನಿಂದ ಇಳಿಸಿದ್ದು, ಮೂವತ್ತು ವರ್ಷ ಹೋಗಿ ಬರುತ್ತಿದ್ದ ಮೂರು ಊರಿನವರು ಇನ್ನು ಬರಬೇಡ ಅಂದದ್ದು, ಒಂದು ದಿನ ಸ್ಟೇಷನ್ನಿಗೆ ಕರೆದು ಸಂಜೆಯವರೆಗೆ ಕೂರಿಸಿದ್ದು. ಅವರ ಮೇಲೆ ಯಾವ ಕೇಸೂ ಇರಲಿಲ್ಲ. ಇವತ್ತಿಗೂ ಇಲ್ಲ. ಆಮೇಲೆ ಅಜ್ಜಿ ಕಣಿಗೆ ಹೋಗುವುದನ್ನೇ ಬಿಟ್ಟರು.

ನಮ್ಮ ಜಿಲ್ಲೆಯಲ್ಲಿ ಇಂಥದ್ದನ್ನು ಬಿಡಿ ಘಟನೆ ಎಂದು ಬರೆಯಲಾಗುವುದಿಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಪಟ್ಟಿ ಮಾಡಿತು. 1911ರ ನಂತರ ಅದು ದಕ್ಷಿಣಕ್ಕೂ ಬಂತು. ಕಣಿ ಹೇಳುವ ಕೊರವ, ಕೊರಚ ಜನರೂ ಆ ಪಟ್ಟಿಗೆ ಸೇರಿದರು. 1952ರಲ್ಲಿ ಕಾಯ್ದೆ ಹೋಯಿತು, ಪಟ್ಟಿ ಜನರ ತಲೆಯಲ್ಲಿ ಉಳಿಯಿತು. ಅದೇ ನಾವು ಬಯಲಾಟದಲ್ಲಿ ಶ್ರೀನಿವಾಸ ದೇವರು ಕೊರವಂಜಿ ವೇಷದಲ್ಲಿ ಬಂದು ಕಣಿ ಹೇಳಿದರೆ ಶಿಳ್ಳೆ ಹೊಡೆಯುತ್ತೇವೆ. ರಾಶಿ ಅವರು 1942ರಲ್ಲಿ ಹಾಸ್ಯ ಪತ್ರಿಕೆ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರೇ 'ಕೊರವಂಜಿ'. ರಂಗದ ಮೇಲೆ, ಮುಖಪುಟದ ಮೇಲೆ ಬೇಕು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಬೇಡ.

ಹೊರಡುವ ಹೊತ್ತಿಗೆ ನಮ್ಮಲ್ಲೊಬ್ಬರು ಸುಮ್ಮನೆ ಕೈ ಚಾಚಿ, ನಮಗೂ ಒಂದು ಕಣಿ ಹೇಳಿ ಅಂದರು. ಅಜ್ಜಿ ನಕ್ಕರು. ಕೈ ಹಿಡಿದುಕೊಂಡರು, ನೋಡಲಿಲ್ಲ. "ಕೈಯಾಗ ಏನೈತೋ ತಮ್ಮಾ, ಬರೇ ಗೆರಿ. ಕೈ ಹಿಡಿಯೋದು ಮನಿಷಾ ಓಡಿ ಹೋಗಬಾರದು ಅಂತ. ಹೇಳೋದು ಮಾರಿ ನೋಡಿ."

ಮನೆಗೆ ಬಂದು ಕಾರವಾಜ್ಜೊನ ಚಿತ್ರ ಮತ್ತೆ ತೆಗೆದೆವು, ಈ ಸಲ ದೊಡ್ಡದು ಮಾಡಿ. ಕಣಿಯ ಚಿತ್ರ ಎನ್ನುತ್ತಾರೆ, ಆದರೆ ಎರಡೂ ಪ್ರತಿಗಳಲ್ಲಿ ಆ ಹುಡುಗಿ ಅಂಗೈ ನೋಡುತ್ತಲೇ ಇಲ್ಲ. ಅವನ ಮುಖ ನೋಡುತ್ತಿದ್ದಾಳೆ. ಅವನೂ ಅವಳ ಮುಖವನ್ನೇ ನೋಡುತ್ತಿದ್ದಾನೆ. ಅಂಗೈ ನೋಡುತ್ತಿರುವವರು ನಾವು ಮಾತ್ರ, ಚಿತ್ರದ ಹೊರಗೆ ನಿಂತು ಉಂಗುರ ಹುಡುಕುತ್ತಿರುವವರು. ಅವಳು ಕೈ ನೋಡದೆ ಇರುವುದೇ ಮೋಸಕ್ಕೆ ಸಾಕ್ಷಿ ಎಂದು ನಮ್ಮ ನೋಟ್ಸಿನಲ್ಲಿತ್ತು. ಅಜ್ಜಿ ಹೇಳಿದ್ದು ಕೇಳಿದರೆ ಅದು ಕಸುಬು. ಚಿತ್ರದವಳು ಉಂಗುರ ಕದ್ದಿರಬಹುದು. ಮಂಚೀನಿ ಅದೇ ಕಾಲದವನು, ಅವನು ಹೇಳಿದ್ದನ್ನು ತಳ್ಳಿಹಾಕುವುದಕ್ಕೆ ನಮ್ಮ ಹತ್ತಿರ ಏನೂ ಇಲ್ಲ. ಆದರೆ ಅವಳು ಎರಡನ್ನೂ ಮಾಡುತ್ತಿರಬಹುದು, ಕದಿಯುವುದನ್ನೂ, ನಿಜವಾಗಿಯೇ ಓದುವುದನ್ನೂ. ಆ ಚಿತ್ರ ಇಷ್ಟು ವರ್ಷ ಜನರನ್ನು ನಿಲ್ಲಿಸಿಕೊಂಡಿರುವುದು ಅದಕ್ಕೇ ಇರಬೇಕು. ನಮ್ಮ ಫೋಟೋದಲ್ಲಿ ಆ ಎರಡನೆಯ ಅನುಮಾನಕ್ಕೆ ಜಾಗ ಇರಲಿಲ್ಲ. ಅದರಲ್ಲಿ ಉಂಗುರವೂ ಇಲ್ಲ, ಸರವೂ ಇಲ್ಲ. ಉಂಗುರವನ್ನು ಪೇಪರು ಪಕ್ಕದ ಕಾಲಂನಲ್ಲಿ ಬರೆದು ಸೇರಿಸಿತು, ಓದಿದವರಿಗೆ ಕಂಡಿತು. ನಮ್ಮ ಕ್ಲಾಸಿಗೆ ಕಂಡ ಹಾಗೆ.

ಅಜ್ಜಿ ನಮ್ಮಿಂದ ಕೇಳಿದ್ದು ಒಂದೇ. "ಆ ಪಟ ನನಗೊಂದು ಕೊಡ್ರಿ. ನಂದು ಒಂದೂ ಪಟ ಇಲ್ಲ. ಸತ್ತರ ಗ್ವಾಡಿಗೆ ಹಾಕಾಕ ಬೇಕಲ್ಲ." ಮಾರನೇ ವಾರ ದೊಡ್ಡ ಸೈಜಿನಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟು ಬಂದೆವು. ಎದುರಿಗಿದ್ದ ಕಾಲೇಜು ಹುಡುಗನನ್ನು ಕತ್ತರಿಸಿ ಹಾಕಬೇಕೇ ಎಂದು ಕೇಳಿದ್ದೆವು. ಬೇಡ, ಅವನೂ ಇರಲಿ ಅಂದರು. ಆ ಹುಡುಗನಿಗೆ ಆವತ್ತು ಏನು ಹೇಳಿದ್ದೆ ಎಂಬುದೂ ಅವರಿಗೆ ನೆನಪಿತ್ತು. ನಮಗೆ ಹೇಳಲಿಲ್ಲ.

ಮತ್ತೆ ಪೇಪರಿಗೆ ಕೊಡಬಹುದೇ ಎಂದು ಕೇಳಿದಾಗ, "ಕೊಡ್ರಿ, ಹೆಸರಿಲ್ದ ಕೊಡಬ್ಯಾಡ್ರಿ" ಎಂದರು. ಇಲ್ಲಿ ಅವರ ಹೆಸರು ಬರೆದಿಲ್ಲ. ಆ ಕಳವಿನ ಸುದ್ದಿಯ ಮಾತು ಬರುವ ಕಡೆ ಅವ್ವನ ಹೆಸರು ಬೇಡ ಎಂದು ಮಗಳು ಹೇಳಿದರು, ಅದು ಸರಿ ಅನ್ನಿಸಿತು.

ಆದರೆ ನಮ್ಮ ಹಾರ್ಡ್ ಡಿಸ್ಕಿನಲ್ಲಿ ಆ ಹನ್ನೆರಡು ಫ್ರೇಮುಗಳ ಫೈಲಿನೊಳಗೆ ಈಗ ಹೆಸರಿದೆ, ಊರಿದೆ, ತೆಗೆದ ವರ್ಷ ಇದೆ. ಕೊನೆಗೆ 'ಅಪರಾಧ ಸುದ್ದಿಗೆ ಬಳಸುವಂತಿಲ್ಲ' ಎಂದು ಬರೆದಿದ್ದೇವೆ. ಡೆಸ್ಕ್‌ನವರು ಅದನ್ನು ಓದುತ್ತಾರೋ ಇಲ್ಲವೋ, ಫೈಲಿನ ಜೊತೆ ಹೋಗುತ್ತದೆ. ಹೊಸದಾಗಿ ಕ್ಯಾಮೆರಾ ಹಿಡಿದು ಜಾತ್ರೆಗೆ ಹೋಗುವ ತಮ್ಮ ತಂಗಿಯರು ಹಳೆಯ ಫೋಲ್ಡರುಗಳನ್ನು ಒಮ್ಮೆ ತೆಗೆದು ನೋಡಿ. ಹೆಸರಿಲ್ಲದ ಮುಖಗಳು ನಿಮ್ಮಲ್ಲೂ ಇರುತ್ತವೆ. ನಮ್ಮ ಫೋಲ್ಡರಿನಲ್ಲಿ ಇನ್ನೂ ನಲವತ್ತೊಂದು ಇವೆ. ಮುಂದಿನ ಭಾನುವಾರದಿಂದ ಒಂದೊಂದಾಗಿ ಹುಡುಕಬೇಕು.